ಹುಲಿ ಸರ್ಕಾರದ್ದಾದರೆ ಸತ್ತ ಹಸುವಿನ ಹೊಣೆಯೂ ಸರ್ಕಾರದ್ದೇ

ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ಒಂದು ಹೆಣ್ಣು ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹತ್ತಿರದಲ್ಲೇ ಹಸುವಿನ ಕಳೇಬರವಿತ್ತು. ಹುಲಿ ಹಸುವನ್ನು ಹಿಡಿದಿತ್ತು, ಆ ಸಿಟ್ಟಿಗೆ ಕಳೇಬರಕ್ಕೆ ವಿಷ ಹಾಕಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು. ಮೂವರ ಬಂಧನವಾಯಿತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದಲ್ಲೇ ಹೀಗಾಯಿತಲ್ಲ ಎಂದು ನಾಡು ಮರುಗಿತು. ಅದಕ್ಕೂ ಸುಮಾರು ಎರಡು ವರ್ಷ ಹಿಂದೆ, 2023ರ ಸೆಪ್ಟೆಂಬರ್‌ನಲ್ಲಿ, ನೀಲಗಿರಿಯ ಎಮರಾಲ್ಡ್ ಬಳಿ ಎರಡು ಹುಲಿಗಳು ಸತ್ತದ್ದೂ ಇದೇ ರೀತಿಯಲ್ಲಿ, ಸತ್ತ ಹಸುವಿಗೆ ಹಾಕಿದ ವಿಷದಿಂದ.

ಹೂಗ್ಯಂ ಘಟನೆಯ ನಂತರ ಎರಡು ಬಗೆಯ ಮಾತು ಕೇಳಿಬಂದವು. ವಿಷ ಹಾಕಿದವರನ್ನು ರಾಕ್ಷಸರು ಎಂದವರು ಒಂದು ಕಡೆ. ನಮ್ಮ ದನ ಸತ್ತಾಗ ಯಾವ ಮಂತ್ರಿ ಬಂದಿದ್ದರು, ಯಾವ ಟಿ.ವಿ.ಯವರು ಬಂದಿದ್ದರು ಎಂದು ಕೇಳಿದವರು ಇನ್ನೊಂದು ಕಡೆ. ಮೊದಲಿನವರಿಗೆ ಹಸು ಕಾಣಲಿಲ್ಲ, ಎರಡನೆಯವರಿಗೆ ಮರಿಗಳು ಕಾಣಲಿಲ್ಲ. ನನ್ನ ನಿಲುವು ಇಷ್ಟು: ಸಾಕಿದ ಪ್ರಾಣಿಯನ್ನು ಉಳಿಸಿಕೊಳ್ಳಲು ಕಾಡುಪ್ರಾಣಿಯನ್ನು ಕೊಲ್ಲುವುದು ತಪ್ಪು. ಆದರೆ ದನ ಕಳೆದುಕೊಂಡವನ ಎದುರು ನಿಂತು ಈ ಮಾತು ಹೇಳುವ ಯೋಗ್ಯತೆ ನಮಗೆ ಬರುವುದು ಅವನ ದನದ ಬೆಲೆಯನ್ನು ನಾವು ಕಟ್ಟಿಕೊಟ್ಟ ಮೇಲೆ ಮಾತ್ರ.

ಕೊಲ್ಲುವುದು ಯಾಕೆ ತಪ್ಪು ಎಂಬುದನ್ನು ಮೊದಲು ನೋಡೋಣ. ಹುಲಿ ದೊಡ್ಡ ದನವನ್ನು ಒಂದೇ ರಾತ್ರಿ ತಿಂದು ಮುಗಿಸುವುದಿಲ್ಲ. ಹೊಟ್ಟೆ ತುಂಬುವಷ್ಟು ತಿಂದು, ಉಳಿದದ್ದನ್ನು ಪೊದೆಯ ಮರೆಗೆ ಎಳೆದಿಟ್ಟು, ಮರುರಾತ್ರಿ ಮತ್ತೆ ಬರುತ್ತದೆ. ದನಗಾಹಿಗಳಿಗೆ ಇದು ಚೆನ್ನಾಗಿ ಗೊತ್ತು. ಹೊಲಕ್ಕೆಂದು ತಂದ ಕೀಟನಾಶಕ ಹೇಗೂ ಮನೆಯಲ್ಲಿರುತ್ತದೆ. ಹುಲಿ ತಿಂದು ಬಿಟ್ಟ ಭಾಗಕ್ಕೆ ಅದನ್ನು ಸವರಿ ಬಂದರೆ ಮುಗಿಯಿತು. ಆಮೇಲೆ ಆ ಮಾಂಸಕ್ಕೆ ಬಾಯಿ ಹಾಕುವವರು ಯಾರು ಎಂಬುದು ವಿಷ ಹಾಕಿದವನ ಕೈಯಲ್ಲಿಲ್ಲ. ತಾಯಿ ಹಿಡಿದದ್ದನ್ನು ತಿಂದು ಬೆಳೆಯುವ ಮರಿಗಳು ಬರುತ್ತವೆ. ಕತ್ತೆಕಿರುಬ, ನರಿ, ಕಾಗೆ ಬರುತ್ತವೆ. ಊರಿನ ನಾಯಿಯೂ ಬರುತ್ತದೆ. ರಣಹದ್ದಂತೂ ಬಂದೇ ಬರುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿಯಿಂದಲೇ ಈ ದೇಶದ ರಣಹದ್ದುಗಳು ಅಳಿವಿನ ಅಂಚಿಗೆ ಹೋಗಿದ್ದವು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಬೇಕಾಯಿತು. ಉಳಿದಿರುವ ಕೆಲವೇ ಹಕ್ಕಿಗಳಿಗೆ ಇಂಥ ಒಂದು ಕಳೇಬರ ಸಾಕು. ಹಸುವನ್ನು ಹಿಡಿದದ್ದು ಒಂದು ಹುಲಿ, ಸತ್ತದ್ದು ಐದು. ಇದನ್ನು ಆತ್ಮರಕ್ಷಣೆ ಎಂದು ಕರೆಯಲಾಗದು. ಸೇಡು ಎನ್ನೋಣವೆಂದರೆ, ಸೇಡಿಗಾದರೂ ತಪ್ಪು ಮಾಡಿದವರು ಯಾರೆಂಬ ಗುರುತು ಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಸ್ಪಷ್ಟವಾದ ಗೆರೆ ಎಳೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ ಹುಲಿ, ಚಿರತೆ, ತೋಳದಂಥ ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಗಬೇಕಾದರೆ ಅದು ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೇ ಗುಣವಾಗದಷ್ಟು ಗಾಯಗೊಂಡಿರಬೇಕು ಅಥವಾ ರೋಗಕ್ಕೆ ತುತ್ತಾಗಿರಬೇಕು. ಅಂಥ ಹೊತ್ತಿನಲ್ಲೂ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವೇ ಇಲ್ಲ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು. ದನ ಹಿಡಿಯಿತು, ಕುರಿ ಒಯ್ದಿತು ಎಂಬುದು ಆ ಪ್ರಾಣಿಗಳನ್ನು ಕೊಲ್ಲಲು ಕಾರಣವಾಗುವುದಿಲ್ಲ. ಈ ಗೆರೆ ಸರಿಯಾದ ಜಾಗದಲ್ಲೇ ಇದೆ. ಮನುಷ್ಯನ ಜೀವ ಹೋದರೆ ಅದನ್ನು ಯಾರೂ ತುಂಬಿಕೊಡಲಾರರು. 2025ರ ಕೊನೆಯಲ್ಲಿ ಸರಗೂರು, ಎಚ್.ಡಿ. ಕೋಟೆ ಕಡೆ ರೈತರು ಹುಲಿ ದಾಳಿಗೆ ಬಲಿಯಾದಾಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿದ್ದು ಅದಕ್ಕೇ. ದನದ ಸಾವಿನ ದುಃಖ ಸಣ್ಣದಲ್ಲ. ಹೆಸರಿಟ್ಟು ಕರೆದ, ಕೈಯಾರೆ ಮೇವು ಹಾಕಿದ ಹಸು ಅದು. ಆದರೂ ಅದರ ನಷ್ಟವನ್ನು ಇನ್ನೊಂದು ಹಸು ತಂದುಕೊಟ್ಟು ಬಹುಮಟ್ಟಿಗೆ ತುಂಬಬಹುದು. ತುಂಬಬಹುದಾದ ನಷ್ಟಕ್ಕೆ ತುಂಬಲಾರದ ಜೀವವನ್ನು ತೆಗೆಯುವುದು ನ್ಯಾಯವಲ್ಲ.

ಕೊಂದರೆ ಸಮಸ್ಯೆಯಾದರೂ ಮುಗಿಯುತ್ತದೆ ಎನ್ನುವವರು ನಮ್ಮದೇ ಚರಿತ್ರೆ ಓದಬೇಕು. ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ, ತೋಳ ಕೊಂದು ತಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಕೊಡುವ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳನ್ನು ಕೊಲ್ಲಲಾಯಿತು. ಅಷ್ಟು ರಕ್ತ ಹರಿದ ಮೇಲೂ ಕುರಿ ಕಾಯುವವನಿಗೆ ರಾತ್ರಿಯ ನಿದ್ದೆ ಸಿಗಲಿಲ್ಲ. ಒಂದು ಪ್ರಾಣಿಯನ್ನು ತೆಗೆದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಕೊಲ್ಲದೆ, ಬರೀ ಹಿಡಿದು ಬೇರೆಡೆ ಬಿಟ್ಟರೂ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಜುನ್ನಾರ್ ಸಾಕ್ಷಿ. ಅಲ್ಲಿ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಸಾಗಿಸಲು ಶುರು ಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು.

ಇಷ್ಟು ಹೇಳಿ ಲೇಖನ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ದನ ಕಳೆದುಕೊಂಡವನ ಪಾಡು ಏನೆಂದು ನೋಡಿ. ಪರಿಹಾರ ಬೇಕಾದರೆ ಕಳೇಬರವನ್ನು ಅಲುಗಿಸುವಂತಿಲ್ಲ, ಹೂಳುವಂತಿಲ್ಲ. ಅರಣ್ಯ ಇಲಾಖೆಯವರು ಬಂದು ಮಹಜರು ಮಾಡಬೇಕು, ಫೋಟೊ ತೆಗೆಯಬೇಕು, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ನಾಯಿ, ಕಾಗೆ ಓಡಿಸುತ್ತ ಬಿಸಿಲಲ್ಲಿ ಕೂತಿರಬೇಕು. ಆಮೇಲೆ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಒಂದು ದಿನದ ಕೂಲಿ ಹೋದರೆ ಒಲೆ ಹೊತ್ತದ ಮನೆಯವನು ಇದಕ್ಕೆಲ್ಲ ಎಷ್ಟು ಸಲ ಓಡಾಡಿಯಾನು? 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ 'ವೈಲ್ಡ್ ಸೇವೆ' ಎಂಬ ಯೋಜನೆ ಒಂದು ಫೋನ್ ಕರೆಗೆ ಊರಿಗೇ ಬಂದು ಅರ್ಜಿ ತುಂಬಿಕೊಡುತ್ತಿದೆ. ಖಾಸಗಿ ಸಂಸ್ಥೆಯೊಂದಕ್ಕೆ ಸಾಧ್ಯವಾದ ಕೆಲಸ ಇಡೀ ಇಲಾಖೆ, ಇಡೀ ಕಂದಾಯ ಯಂತ್ರ ಕೈಯಲ್ಲಿರುವ ಸರ್ಕಾರಕ್ಕೆ ಯಾಕೆ ಸಾಧ್ಯವಿಲ್ಲ?

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮು ಸತ್ತು ಸಿಕ್ಕ ಹುಲಿ ಸರ್ಕಾರದ ಆಸ್ತಿ ಎನ್ನುತ್ತದೆ. ಅದರ ಒಂದು ಉಗುರು ಮನೆಯಲ್ಲಿ ಸಿಕ್ಕರೂ ಜೈಲು. ಸರಿ, ಹಾಗೇ ಇರಲಿ. ಆದರೆ ಸತ್ತ ಹುಲಿ ಸರ್ಕಾರದ್ದಾದರೆ ಬದುಕಿರುವ ಹುಲಿಯ ಹೊಣೆ ಯಾರದ್ದು? ನನ್ನ ಎತ್ತು ಹಗ್ಗ ಬಿಚ್ಚಿಕೊಂಡು ಪಕ್ಕದವರ ರಾಗಿ ಹೊಲ ಮೇಯ್ದರೆ ದಂಡ ತೆರುವವನು ನಾನು. ಹಳ್ಳಿಯ ಈ ನ್ಯಾಯ ಸರ್ಕಾರಕ್ಕೂ ಅನ್ವಯಿಸಬೇಕು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದಾಗ ಹೆಮ್ಮೆಪಟ್ಟವರು ನಾವೆಲ್ಲ. ಆ ಹುಲಿಗಳ ಹೊಟ್ಟೆಗೆ ದನ ಕೊಟ್ಟವರು ಮಾತ್ರ ಕಾಡಂಚಿನ ಕೆಲವೇ ಮನೆಯವರು. ಹೆಮ್ಮೆ ಎಲ್ಲರದ್ದು, ಖರ್ಚು ಕೆಲವರದ್ದು ಎಂಬ ಈ ಲೆಕ್ಕ ಅನ್ಯಾಯದ್ದು.

ಈ ಅನ್ಯಾಯ ಎಲ್ಲಿಗೆ ಮುಟ್ಟಿದೆ ಎಂಬುದನ್ನು 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರ ತೋರಿಸಿತು. ಹುಲಿ ಹಿಡಿಯಲು ಇಟ್ಟಿದ್ದ ಬೋನಿನೊಳಗೆ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಆ ಕೃತ್ಯವನ್ನು ನಾನು ಒಪ್ಪುವುದಿಲ್ಲ. ಕಡಿಮೆ ಸಂಬಳಕ್ಕೆ ರಾತ್ರಿಯಿಡೀ ಕಾಡು ಸುತ್ತುವ ವಾಚರ್ ಇವರ ಶತ್ರುವಲ್ಲ. ಆದರೆ ತಿಂಗಳುಗಟ್ಟಲೆ ಯಾರೂ ಕಿವಿಗೊಡದಿದ್ದರೆ ಸಿಟ್ಟು ಹತ್ತಿರ ಸಿಕ್ಕವರ ಮೇಲೆ ತಿರುಗುತ್ತದೆ. ಬೊಮ್ಮಲಾಪುರದಲ್ಲಿ ಅದು ಸಿಬ್ಬಂದಿಯ ಮೇಲೆ ತಿರುಗಿತು, ಹೂಗ್ಯಂನಲ್ಲಿ ಮರಿಗಳ ಮೇಲೆ.

ಕಾಡಿನೊಳಗೆ ದನ ಹೊಡೆದುಕೊಂಡು ಹೋಗುವುದೇ ತಪ್ಪಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಮಿತಿಮೀರಿದ ಮೇಯಿಸುವಿಕೆಯಿಂದ ಜಿಂಕೆ, ಕಡವೆಗಳ ಮೇವು ಹೋಗುತ್ತದೆ. ಅವು ಕಡಿಮೆಯಾದರೆ ಹುಲಿ ದನದ ಕಡೆ ತಿರುಗುತ್ತದೆ. ಆದರೆ ಮಲೆ ಮಹದೇಶ್ವರದ ಕಾಡಿನಲ್ಲಿ ದೊಡ್ಡಿ ಕಟ್ಟಿ ದನ ಕಾಯುವ ಪದ್ಧತಿ 2013ರಲ್ಲಿ ವನ್ಯಜೀವಿಧಾಮದ ಘೋಷಣೆ ಆಗುವುದಕ್ಕಿಂತ ಎಷ್ಟೋ ಹಳೆಯದು. 2025ರ ಜುಲೈನಲ್ಲಿ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಲು ಸೂಚನೆ ಕೊಟ್ಟಾಗ ರೈತರು ತಿರುಗಿಬಿದ್ದದ್ದು ಸಹಜ. ಗೋಮಾಳಗಳು ಒತ್ತುವರಿಯಾಗಿ, ಮಂಜೂರಾಗಿ ಕರಗಿಹೋದ ಮೇಲೆ ದನ ಎಲ್ಲಿ ಮೇಯಬೇಕು ಎಂಬುದನ್ನು ಹೇಳದೆ ಕಾಡಿನ ಬಾಗಿಲು ಹಾಕಿದರೆ ದನ ಕದ್ದುಮುಚ್ಚಿ ಒಳಗೆ ಹೋಗುತ್ತದೆ. ಕದ್ದು ಮೇಯಿಸಿದ ದನವನ್ನು ಹುಲಿ ಹಿಡಿದರೆ ಇಲಾಖೆಗೆ ತಿಳಿಸಲು ಮಾಲೀಕನಿಗೆ ಭಯ. ತಿಳಿಸಲಾರದವನ ಕೈಗೆ ವಿಷದ ಡಬ್ಬಿ ಸುಲಭವಾಗಿ ಸಿಗುತ್ತದೆ.

ಆದ್ದರಿಂದ ಸರ್ಕಾರ ಮಾಡಬೇಕಾದದ್ದು ಇವು. ದನ ಸತ್ತ ಸುದ್ದಿ ಬಂದ ದಿನವೇ ಮಹಜರು ಆಗಬೇಕು, ವಾರದೊಳಗೆ ಹಣ ಖಾತೆಗೆ ಬೀಳಬೇಕು. ಪರಿಹಾರದ ಮೊತ್ತ ಸಂತೆಯಲ್ಲಿ ಅಂಥದ್ದೇ ಹಸು ಕೊಳ್ಳಲು ಸಾಲುವಂತಿರಬೇಕು. ಕಾಡಿನೊಳಗೆ ಸತ್ತ ದನದ ವಿಷಯ ಮೊದಲು ತಿಳಿಸಿದವನಿಗೆ ದಂಡದ ಭಯ ಇರಬಾರದು. ಆ ಮಾಹಿತಿಯೇ ಹುಲಿಯ ಪ್ರಾಣ ಉಳಿಸುತ್ತದೆ. ಕಾಡಂಚಿನ ಕುರಿ, ಮೇಕೆ ಸಾಕುವವರಿಗೆ ಚಿರತೆ ನುಗ್ಗದಂತೆ ಮೇಲ್ಛಾವಣಿಯಿರುವ, ಕಬ್ಬಿಣದ ಜಾಲರಿಯ ಕೊಟ್ಟಿಗೆ ಕಟ್ಟಿಸಿಕೊಡಬೇಕು. ಸಫಾರಿಯಿಂದ ಬರುವ ಹಣದಲ್ಲಿ ಒಂದು ಪಾಲು ಇದಕ್ಕೇ ಮೀಸಲಾಗಬೇಕು. ಹುಲಿ ನೋಡಲು ದುಡ್ಡು ಕೊಡುವವರು ಹುಲಿಯ ಊಟದ ಖರ್ಚನ್ನೂ ಕೊಡಲಿ.

ಇಷ್ಟು ಆದ ಮೇಲೂ ಕಳೇಬರಕ್ಕೆ ವಿಷ ಹಾಕುವವರಿಗೆ, ಉರುಳು ಒಡ್ಡುವವರಿಗೆ ಕರುಣೆ ಬೇಡ. ಕಾನೂನು ತನ್ನ ಪೂರ್ತಿ ಬಿಗಿಯನ್ನು ತೋರಿಸಲಿ. ಆದರೆ ಮೊದಲು ಸರ್ಕಾರ ತನ್ನ ಸಾಲ ತೀರಿಸಲಿ. ನಗರದಲ್ಲಿ ಕೂತು ಹುಲಿಯ ಚಿತ್ರ ಹಂಚಿಕೊಳ್ಳುವ ನಾವು ನಮ್ಮ ಶಾಸಕರನ್ನು, ಸಚಿವರನ್ನು ಈ ವರ್ಷ ಎಷ್ಟು ಹುಲಿ ಹೆಚ್ಚಾದವು ಎಂದು ಕೇಳಿದರೆ ಸಾಲದು. ಸತ್ತ ಎಷ್ಟು ದನಗಳ ಹಣ ಇನ್ನೂ ಬಾಕಿ ಇದೆ ಎಂದೂ ಕೇಳಬೇಕು.