ನಿಸಾರ್ ಉಪಗ್ರಹ: ಕೃಷಿಗೆ ಲಾಭವೆಷ್ಟು, ಮಿತಿಯೆಷ್ಟು?

ಬಾಹ್ಯಾಕಾಶಕ್ಕೆ ವ್ಯಯವಾಗುವ ಹಣದಿಂದ ಉಳುವವನಿಗೆ ಬರುವುದೇನು ಎಂಬುದು ನ್ಯಾಯವಾದ ಪ್ರಶ್ನೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ, ಇಸ್ರೋ ಮತ್ತು ನಾಸಾ ಸಂಸ್ಥೆಗಳ ಜಂಟಿ ಉಪಗ್ರಹವಾದ ನಿಸಾರ್‌ನ ಹಿನ್ನೆಲೆಯಲ್ಲಿ ಇದನ್ನು ಪರಿಶೀಲಿಸಬಹುದು.

ಮುಂಗಾರಿನಲ್ಲಿ ಮೋಡ ಕವಿದಾಗ ಛಾಯಾಚಿತ್ರ ತೆಗೆಯುವ ಉಪಗ್ರಹಗಳಿಗೆ ಬೆಳೆ ಕಾಣುವುದಿಲ್ಲ. ನಿಸಾರ್‌ನ ರೇಡಾರ್ ತರಂಗಗಳು ಮೋಡವನ್ನೂ ಕತ್ತಲನ್ನೂ ದಾಟುತ್ತವೆ. ಒಣಮಣ್ಣು ಮತ್ತು ತೇವದ ಮಣ್ಣು ಈ ತರಂಗಗಳನ್ನು ಭಿನ್ನವಾಗಿ ಹಿಂದಿರುಗಿಸುವುದರಿಂದ ತೇವಾಂಶ, ಬೆಳೆಯ ವಿಸ್ತೀರ್ಣ ಹಾಗೂ ಜಲಾವೃತ ಪ್ರದೇಶವನ್ನು ಅಂದಾಜಿಸಬಹುದು. ಒಂದೇ ಪಥದಲ್ಲಿ 12 ದಿನಗಳಿಗೊಮ್ಮೆ ಮರಳುವುದರಿಂದ ಬದಲಾವಣೆಯೂ ತಿಳಿಯುತ್ತದೆ.

ಆದರೆ ಮಿತಿಗಳನ್ನು ಮರೆಯಲಾಗದು. ಈ ವಿಧಾನ ಅಳೆಯುವುದು ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರ್ ತೇವವನ್ನು, ಬೇರಿನ ವಲಯವನ್ನಲ್ಲ. 200 ಮೀಟರ್ ಅಳತೆಯ ಒಂದು ಚೌಕವೆಂದರೆ ಸುಮಾರು 10 ಎಕರೆ. ಅದರೊಳಗೆ ಒಬ್ಬರ ಹನಿ ನೀರಾವರಿ ತೋಟವೂ ಮತ್ತೊಬ್ಬರ ಖುಷ್ಕಿ ರಾಗಿಯೂ ಇದ್ದರೆ ನಕ್ಷೆ ಎರಡಕ್ಕೂ ಒಂದೇ ಅಂಕಿ ನೀಡುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿರುವ ಅವರೆ, ತೊಗರಿಗಳನ್ನು ಪ್ರತ್ಯೇಕವಾಗಿ ಗುರುತಿಸುವುದೂ ಕಷ್ಟ. ಉಡಾವಣೆಯಲ್ಲಿಯೂ ಅಪಾಯವಿದೆ: 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ವಿಫಲವಾಗಿ ಇಒಎಸ್-09 ರೇಡಾರ್ ಉಪಗ್ರಹ ಕೈತಪ್ಪಿತು.

ಈ ಮಿತಿಗಳು ರೈತರ ಪರಿಹಾರಕ್ಕೂ ಸಂಬಂಧಿಸಿವೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ನಿರ್ಣಯಕ್ಕೆ ದೂರಸಂವೇದಿ ಆಧಾರಿತ ಅಂದಾಜಿಗೆ ಕನಿಷ್ಠ ಶೇ. 30ರಷ್ಟು ಪ್ರಾಧಾನ್ಯ ನೀಡಲಾಗಿದೆ. ಅಂದಾಜು ತಪ್ಪಿದರೆ ನಷ್ಟ ರೈತನ ಪಾಲಿಗೆ ಬರುತ್ತದೆ. ಅದನ್ನು ತಿದ್ದಬಲ್ಲದ್ದು ನೆಲದ ಮೇಲಿನ ನಿಖರ ದಾಖಲೆಯೇ. ಆದ್ದರಿಂದ ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರು ಈ ಅಂಶಗಳನ್ನು ಗಮನಿಸುವುದು ಒಳಿತು:

• ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್‌ವಾರು ಮುಖ್ಯ ಬೆಳೆಯೊಂದಿಗೆ ಅಂತರ ಬೆಳೆಯನ್ನೂ ತಪ್ಪದೆ ದಾಖಲಿಸಿರಿ.
• ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪದಿಂದ ಹಾನಿಯಾದಲ್ಲಿ 72 ಗಂಟೆಗಳೊಳಗೆ ತಿಳಿಸಿರಿ.
• ನೀರು ಹಾಯಿಸುವ ಮುನ್ನ ಬೇರಿನ ಆಳದ ಮಣ್ಣನ್ನು ಅಗೆದು, ಹಿಡಿಯಲ್ಲಿ ಅದುಮಿ ನೋಡಿರಿ. ಕೇವಲ ನಕ್ಷೆಯನ್ನು ನಂಬದಿರಿ.
• ವಿಸ್ತರಣಾ ಕಾರ್ಯಕರ್ತರು ಬೆಳೆ ಕಟಾವು ಪ್ರಯೋಗಗಳನ್ನು ರೈತರ ಸಮ್ಮುಖದಲ್ಲಿಯೇ ಕ್ರಮಬದ್ಧವಾಗಿ ನಡೆಸಿರಿ.

ಉಪಗ್ರಹವು ತಾಲ್ಲೂಕಿನ ಬರವನ್ನು ಬೇಗ ತೋರಿಸಬಲ್ಲದು. ತಮ್ಮ ಹೊಲದ ಸ್ಥಿತಿಗೆ ತಾವೇ ಸಾಕ್ಷಿ.