ಮೇಯರ್ ಪೀಠಕ್ಕೆ ‘ನಮ್ಮವರು’ ಯಾರು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನ ಮತದಾರರು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಮೇಯರ್ ಅವಧಿ 1 ವರ್ಷದ ಬದಲು 30 ತಿಂಗಳಾಯಿತು. ಪೀಠದ ತೂಕ ಹೆಚ್ಚಿದಂತೆ ಪೈಪೋಟಿಯೂ ಹೆಚ್ಚುತ್ತದೆ.

ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಪಾಲಿಕೆ ಸಭೆಯಲ್ಲಿ ಆಯ್ಕೆ ನಡೆಯುತ್ತದೆ. ಆದ್ದರಿಂದ ವಾರ್ಡಿನ ಮತದಲ್ಲೇ ನಮ್ಮ ಎಚ್ಚರವಿರಬೇಕು. ಆದರೆ ಮಠದ ಅಂಗಳದಲ್ಲೂ ಕೇಳುವುದು ಒಂದೇ ಮಾತು: ‘ಯಾವ ಒಳಪಂಗಡ?’

ಅಲ್ಲಮಪ್ರಭುಗಳು ಶೂನ್ಯಸಿಂಹಾಸನ ಏರಿದ್ದು ಕುಲದ ಲೆಕ್ಕದಿಂದಲ್ಲ, ಅರಿವಿನಿಂದ. ಅಂಗಳ ಗುಡಿಸಿದ ಸತ್ಯಕ್ಕ ಶರಣರ ಸಾಲಿನಲ್ಲಿದ್ದಾಳೆ. ಹಾಗಾದರೆ ಅಭ್ಯರ್ಥಿಯನ್ನು ಕೇಳಬೇಕಾದದ್ದು ಬೇರೆ: ಪೌರಕಾರ್ಮಿಕರಿಗೆ ಸಕಾಲಕ್ಕೆ ಸಂಬಳ ಬರುತ್ತದೆಯೇ? ರಾಜಕಾಲುವೆ ಒತ್ತುವರಿ ತೆರವಿಗೆ ದನಿ ಎತ್ತುವಿರಾ? ನಮ್ಮ ಹೇಮಾವತಿಯೂ ಕೂಡಿದ ಕಾವೇರಿ ನೀರು ಬಡವರ ಬೀದಿಗೂ ಬರುವಂತೆ ಒತ್ತಾಯಿಸುವಿರಾ?

ಮಠಕ್ಕೆ ಬಂದ ಅಭ್ಯರ್ಥಿ ಯಾರೇ ಇರಲಿ, ಪ್ರಸಾದ ನೀಡೋಣ. ಬೆಂಬಲದ ಹೇಳಿಕೆ ಬೇಡ. ನಮ್ಮ ಜಾತಿಯವರೇ ತಪ್ಪು ಮಾಡಿದಾಗ ಮಠ ಮಾತಾಡಬಲ್ಲದೇ? ಇಂದು ಪಕ್ಷ ಹಿಡಿದ ಬಾಯಿ ಅಂದು ತೆರೆಯದು.

ಕಾಯಕ ಮಾಡುವವರೇ ನಮ್ಮವರು. ಊರಿನಿಂದ ಮಕ್ಕಳಿಗೆ ಫೋನ್ ಮಾಡುವಾಗ ಇದನ್ನೇ ಹೇಳೋಣ.