ಹಳೆಯ ಮೋಟಾರಿನ ನಿದಾನ

ವೈದ್ಯಶಾಸ್ತ್ರದಲ್ಲಿ ರೋಗವನ್ನರಿಯುವದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿರುವರು. ಅವುಗಳಲ್ಲಿ ಉಪಶಯವೆಂದರೆ, ಒಂದು ಉಪಚಾರವನ್ನು ಮಾಡಿ, ಗುಣ ಕಂಡಿತೋ ಇಲ್ಲವೋ ಎಂಬುದರ ಮೇಲಿಂದ ಗುಪ್ತವಾದ ರೋಗವನ್ನು ಗೊತ್ತುಪಡಿಸುವದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಊರುಗಳಲ್ಲಿ ಅಂಬಾಸಡರ್ ಮತ್ತು ಮಾರುತಿ 800 ಮೋಟಾರುಗಳನ್ನು ಇನ್ನೂ ಇಟ್ಟುಕೊಂಡಿರುವ ಗೃಹಸ್ಥರಿಗೆ ಈ ನಾಲ್ಕನೆಯ ಸಾಧನವೇ ಹೆಚ್ಚು ಉಪಯೋಗಕ್ಕೆ ಬೀಳುವದು. ಎರಡರ ತಯಾರಿಕೆಯೂ 2014 ರಲ್ಲಿಯೇ ನಿಂತುಹೋಗಿರುವ ಕಾರಣ, ಬಿಡಿಭಾಗವನ್ನು ಕೊಳ್ಳುವ ಮುಂಚೆ ದೋಷವನ್ನು ತಿಳಿಯುವದು ಲೇಸು.

ಮುದ್ದೇಬಿಹಾಳದ ಕಡೆಯ ಗೃಹಸ್ಥರೊಬ್ಬರು ಎರಡು ವರ್ಷಗಳಲ್ಲಿ ಮೂರು ಬ್ಯಾಟರಿಗಳನ್ನು ಕೊಂಡರು. ಒಂದು ನಡುರಾತ್ರಿ ತುಂಬಿದ ಬಸುರಿಯಾದ ಸೊಸೆಯನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಅವರ ಅಂಬಾಸಡರ್ ಟಕ್ಕೆಂದು ಸುಮ್ಮನಾಯಿತು. ನೆರೆಯವರ ಟ್ರ್ಯಾಕ್ಟರಿನಲ್ಲಿ ಒಯ್ದರು. ದೈವಕೃಪೆಯಿಂದ ತಾಯಿ ಮಕ್ಕಳಿಬ್ಬರೂ ಕ್ಷೇಮ. ಆ ಮೇಲೆ ನಾವು ಹೋಗಿ ಮುಂದಿನ ದೀಪಗಳನ್ನು ಹಚ್ಚಿಸಿ, ಅವು ಉರಿಯುತ್ತಿರುವಾಗಲೇ ಕೀಲಿಯನ್ನು ತಿರುವಿಸಿದೆವು. ಬ್ಯಾಟರಿ ಬಡವಾಗಿದ್ದರೆ, ಅಥವಾ ಅದರ ಕೊನೆಗಳಿಗೆ ಕಿಲುಬು ಹಿಡಿದಿದ್ದರೆ, ದೀಪಗಳು ಕಣ್ಣು ಮುಚ್ಚುವವು. ಇಲ್ಲಿ ದೀಪಗಳು ಮಂಕಾಗಲಿಲ್ಲ. ಸ್ಟಾರ್ಟರು ಮಾತ್ರ ತಿರುಗಲಿಲ್ಲ. ಆಗ ಬ್ಯಾಟರಿಯ ಅರ್ಥಿನ ಕೊನೆಯಿಂದ ನೇರವಾಗಿ ಎಂಜಿನಿನ ಮೈಗೆ ಒಂದು ದಪ್ಪ ತಂತಿಯನ್ನು ಹಿಡಿಸಲು, ಎಂಜಿನು ಒಂದೇ ಸುತ್ತಿಗೆ ಎದ್ದಿತು! ಎಂಜಿನನ್ನು ಮೋಟಾರಿನ ಮೈಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿಯು ಎಣ್ಣೆ ಮಣ್ಣುಗಳಲ್ಲಿ ಸವೆದು ಎರಡೇ ಎಳೆ ಉಳಿದಿದ್ದಿತು. ಮೂರು ಬ್ಯಾಟರಿಗಳ ಬೆಲೆ ಎಲ್ಲಿ, ಆ ಪಟ್ಟಿಯ ಬೆಲೆ ಎಲ್ಲಿ?

ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುವದು. ಸ್ಟಾರ್ಟರು ತಿರುಗುವಾಗ 9.6 ಕ್ಕಿಂತ ಕೆಳಗಿಳಿದರೆ ಸಂಶಯಪಡಬೇಕು.

ಎಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಇಲ್ಲ, ಇಲ್ಲವೆ ಪೆಟ್ರೋಲಿಲ್ಲ. ಗೇರನ್ನು ಬಿಡಿಸಿ, ಪ್ಲಗ್ಗೊಂದನ್ನು ತೆಗೆದು ತಂತಿಯೊಡನೆ ಎಂಜಿನಿನ ಮೈಗೆ ತಾಗಿಸಿ, ರಬ್ಬರು ಹಿಡಿಕೆಯ ಇಕ್ಕಳದಿಂದ ಹಿಡಿದು ನೋಡಬೇಕು. ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಕೂಡದು. ನೀಲಿಯ ಕಿಡಿ ಬಂದರೆ ಪೆಟ್ರೋಲಿನ ದಾರಿಯನ್ನು ಹುಡುಕಿರಿ. ನಮ್ಮ ಕಡೆಯ ವೈಶಾಖದ ಬಿಸಿಲಿನಲ್ಲಿ ನಳಿಗೆಯೊಳಗೆ ಪೆಟ್ರೋಲು ಆವಿಯಾಗಿ ಪಂಪು ಬರಿದೇ ಬಡಿದುಕೊಳ್ಳುವದುಂಟು. ಒದ್ದೆಯ ಅರಿವೆಯನ್ನು ಪಂಪಿನ ಮೇಲೆ ಹತ್ತು ನಿಮಿಷ ಹೊದಿಸಿದರೆ ಹೊರಟುಬಿಡುವದು. ಇದೂ ಉಪಶಯವೇ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ರವರೆಗೆ ಇಥೆನಾಲ್ ಬೆರೆತಿರುವದರಿಂದ ಹಳೆಯ ರಬ್ಬರು ನಳಿಗೆಗಳೂ ಪಂಪಿನ ಪೊರೆಗಳೂ ಬೇಗ ಕೆಡುವವು. ನಮ್ಮದೇ ಹೊಲದ ಕಬ್ಬು ನಮ್ಮದೇ ಮೋಟಾರಿನ ಗಂಟಲು ಹಿಡಿಯುವದು ವಿನೋದವೇ ಸರಿ.

ಇನ್ನು ಸಪ್ಪಳ. ಒಂದು ಒಣ ಕಟ್ಟಿಗೆಯ ತುದಿಯನ್ನು ಎಂಜಿನಿನ ಮೇಲೂ ಇನ್ನೊಂದನ್ನು ಕಿವಿಗೂ ಹಚ್ಚಿ ಕೇಳಬೇಕು. ಧೋತರದ ಸೆರಗನ್ನು ಬಿಗಿದು ಕಟ್ಟಿರಿ, ಪಂಖವು ಯಾರ ಮುಲಾಜನ್ನೂ ನೋಡದು. ಮೇಲುಭಾಗದಲ್ಲಿ ಹಗುರಾದ ಟಿಕಟಿಕವು ಕವಾಟಗಳ ಸಂದು ಹೆಚ್ಚಿದುದರ ಲಕ್ಷಣ, ಇದಕ್ಕೆ ಅವಸರವಿಲ್ಲ. ಏರಿನಲ್ಲಿ ಭಾರ ಬಿದ್ದಾಗ ಕೆಳಗಿನಿಂದ ದಪ್ಪನೆಯ ಬಡಿತ ಬಂದರೆ, ಮತ್ತು ಎಣ್ಣೆಯ ದೀಪ ಮಿನುಗಿದರೆ, ಅಲ್ಲಿಯೇ ನಿಲ್ಲಿಸಬೇಕು. ಎಂಜಿನು ಸಾವಕಾಶ ನಡೆಯುವಾಗ ಇಕ್ಕಳದಿಂದ ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಹಾಕಿದರೆ, ಯಾವದನ್ನು ಬಿಡಿಸಿದಾಗ ಬಡಿತ ಇಳಿಯುವದೋ ಅಲ್ಲಿಯ ಬೇರಿಂಗು ಸವೆದಿರುವದು. ಕವಾಟದ ಟಿಕಟಿಕವಾದರೆ ಇಳಿಯದು. ತಾರ್ಕಿಕರ ಅನ್ವಯ-ವ್ಯತಿರೇಕವು ಇದಕ್ಕಿಂತ ಬೇರಲ್ಲ. ಆ ಬಡಿತದೊಡನೆಯೇ ವಿಜಯಪುರದವರೆಗೆ ಓಡಿಸಿದರೆ ಬೇರಿಂಗಿನ ಖರ್ಚಿನೊಡನೆ ಕ್ರ್ಯಾಂಕಿನ ಖರ್ಚೂ ಸೇರುವದು.

ಡೋಣಿಯ ದಂಡೆಯ ವಾಚಕರಿಗೆ ಒಂದು ಮಾತು: ಅಲ್ಲಿಯ ಸವುಳು ನೀರನ್ನು ರೇಡಿಯೇಟರಿಗೆ ಹಾಕಬಾರದು. ಶುದ್ಧೀಕರಿಸಿದ ನೀರು ಇಲ್ಲವೆ ಸೋಸಿದ ಮಳೆಯ ನೀರು ಉತ್ತಮ. ಗೇರಿನ ಸಪ್ಪಳದ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ನೋಡುವಾ.